ಒಂಬತ್ತನೇ ಕ್ಲಾಸಿನ ಮಗನಿಗೆ ಕೌನ್ಸೆಲಿಂಗಾ, ಟ್ಯೂಷನ್ನಾ? ಅನುಭವ ಇದ್ದವರು ಹೇಳಿ

ಕೇಳಿದವರು (ರಾಜಾಜಿನಗರ):

ಮಗ ಒಂಬತ್ತನೇ ಕ್ಲಾಸು, ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ. ಏಳನೇ ಕ್ಲಾಸಿನವರೆಗೆ ಹೇಗೋ ಎಳೆದುಕೊಂಡು ಬಂದ. ಈಗ ಗಣಿತದಲ್ಲಿ ಪಾಸ್ ಮಾರ್ಕ್ಸ್ ಬಂದರೆ ಅದೇ ಹಬ್ಬ. ಸೋಮವಾರ ಬಂತು ಅಂದರೆ ಹೊಟ್ಟೆನೋವು. ಸ್ಕ್ಯಾನ್ ಕೂಡ ಮಾಡಿಸಿದ್ದಾಯಿತು, ಏನೂ ಇಲ್ಲ ಅಂದರು. ಸ್ಕೂಲಿನವರು ಟ್ಯೂಷನ್‌ಗೆ ಹಾಕಿ ಅನ್ನುತ್ತಾರೆ, ನಮ್ಮ ಮನೆಯವರು ಮೊಬೈಲ್ ಕಿತ್ತುಕೋ ಅನ್ನುತ್ತಾರೆ, ಅತ್ತೆ ದಿನಾ ದೃಷ್ಟಿ ತೆಗೆಯುತ್ತಾರೆ. ನನಗೆ ಮಾತ್ರ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಬೇಕು ಅನ್ನಿಸುತ್ತಿದೆ. ಎಲ್ಲಿಗೆ ಹೋಗೋದು, ಎಷ್ಟಾಗುತ್ತದೆ, ಇದನ್ನೆಲ್ಲ ಟಿಸಿಯಲ್ಲಿ ಬರೆದುಬಿಡುತ್ತಾರಾ?

ಪದ್ಮನಾಭನಗರದ ಅಮ್ಮ:

ಟಿಸಿ ಭಯ ಮೊದಲು ಬಿಡಿ ಅಕ್ಕ. ನೀವು ಹೊರಗಡೆ ತೋರಿಸಿದ್ದು ನೀವಾಗಿ ಹೇಳದೆ ಸ್ಕೂಲಿಗೆ ಗೊತ್ತಾಗುವುದೇ ಇಲ್ಲ.

ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಮಗಳು ಎಂಟನೇ ಕ್ಲಾಸಿನಲ್ಲಿ ಹಿಂದೆ ಬಿದ್ದಾಗ ಒಂದಲ್ಲ, ಮೂರು ಟ್ಯೂಷನ್ ಹಾಕಿದೆ. ಬೆಳಗ್ಗೆ ಗಣಿತ, ಸಂಜೆ ಸೈನ್ಸ್, ಭಾನುವಾರ ಇಂಗ್ಲಿಷ್. ಮಗು ಬಾಡಿದ ಸೊಪ್ಪಿನ ಹಾಗೆ ಆಗಿಬಿಟ್ಟಿತ್ತು, ಮಾರ್ಕ್ಸ್ ಮಾತ್ರ ಇದ್ದಲ್ಲೇ ಇತ್ತು. ಒಂದು ದಿನ ಹುರುಳಿಕಾಯಿ ಹೆಚ್ಚುತ್ತಾ ಸುಮ್ನೆ ಅವಳ ಪುಸ್ತಕದಿಂದ ಪ್ರಶ್ನೆ ಓದಿದೆ, ಬಸವಣ್ಣನವರ ಬಗ್ಗೆ. ಅಡುಗೆಮನೆ ಕಟ್ಟೆ ಮೇಲೆ ಕೂತು ಕಾಲಾಡಿಸಿಕೊಂಡು ಅನುಭವ ಮಂಟಪ, ಕಾಯಕ, ದಾಸೋಹ ಎಲ್ಲಾ ಪಟಪಟ ಹೇಳಿದಳು. ಅದೇ ಪ್ರಶ್ನೆಗೆ ಟೆಸ್ಟ್ ಪೇಪರಿನಲ್ಲಿ ಬರೆದಿದ್ದು ಒಂದೂವರೆ ಸಾಲು. ಆಮೇಲೆ ಅವಳ ಕನ್ನಡ ನೋಟ್‌ಬುಕ್ ತೆಗೆದೆ. 'ಬಸವಣ್ಣ' ಇರಬೇಕಾದ ಕಡೆ 'ಬಸವಣ', 'ಕಲ್ಯಾಣ' ಇರಬೇಕಾದ ಕಡೆ 'ಕಲಾಣ'. ಪುಟಪುಟದಲ್ಲೂ ಒತ್ತಕ್ಷರ ಮಾಯ. ಟೀಚರು ಕೆಂಪು ಇಂಕಿನಲ್ಲಿ 'ನಿರ್ಲಕ್ಷ್ಯ' ಅಂತ ಬರೆದಿದ್ದರು. ನಾನೂ ಅದಕ್ಕೆ ಸೈನ್ ಹಾಕಿದ್ದೆ!

ಆಮೇಲೆ ನಿಮ್ಹಾನ್ಸ್‌ಗೆ ಹೋದೆವು, ಹೊಸೂರು ರಸ್ತೆಯದು. ಅಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಅಂತಲೇ ಬೇರೆ ಮನೋವೈದ್ಯ ವಿಭಾಗ ಇದೆ. ಹೆಸರು ಕೇಳಿ ನನ್ನ ತಮ್ಮ ಗಾಬರಿ ಬಿದ್ದ, "ಅಲ್ಲಿಗ್ಯಾಕೆ, ಹುಚ್ಚು ಹಿಡಿದಿದೆಯಾ" ಅಂದ. ಅಲ್ಲಿ ಮೊದಲು ಕಣ್ಣು, ಕಿವಿ ಸರಿಯಿದೆಯಾ ಕೇಳಿದರು, ಆಮೇಲೆ ಬುದ್ಧಿಮಟ್ಟದ ಪರೀಕ್ಷೆ, ಓದು, ಬರಹ, ಲೆಕ್ಕ ಎಲ್ಲ ಬೇರೆ ಬೇರೆ. ಕಲಿಕಾ ತೊಂದರೆ ಪತ್ತೆ ಮಾಡಲು ನಿಮ್ಹಾನ್ಸ್‌ನವರದೇ ಒಂದು ಪರೀಕ್ಷೆ ಇದೆ, ದೇಶದ ತುಂಬಾ ಬಳಸುತ್ತಾರೆ. ಒಂದೇ ದಿನದಲ್ಲಿ ಮುಗಿಯುವುದಿಲ್ಲ, ಮೂರು ಸಲ ಓಡಾಡಿದೆವು, ಹೋದ ದಿನ ಇಡೀ ದಿನ ಬಿಡುವು ಮಾಡಿಕೊಂಡೇ ಹೋಗಿ. ಕೊನೆಗೆ ಡಿಸ್‌ಲೆಕ್ಸಿಯಾ ಅಂತ ಬರೆದುಕೊಟ್ಟರು, ಅಂದರೆ ಬುದ್ಧಿ ಸರಿಯಿದ್ದರೂ ಓದು, ಬರಹ ಕಷ್ಟವಾಗುವ ತೊಂದರೆ. ಇಂಥ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೇ ಸೇರಿಸಿದ್ದಾರೆ. ಹಾಗಾಗಿ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರು, ಇವೆಲ್ಲ ಯಾರೋ ಕೊಡುವ ಭಿಕ್ಷೆ ಅಲ್ಲ. ಆದರೆ ಅರ್ಜಿ ಶಾಲೆಯ ಮೂಲಕ, ಟೈಮಿಗೆ ಸರಿಯಾಗಿ ಹೋಗಬೇಕು. ನಮ್ಮ ಹೆಡ್‌ಮಾಸ್ಟರು "ನಮ್ಮಲ್ಲಿ ಅಂಥ ಮಕ್ಕಳಿಲ್ಲ" ಅಂದುಬಿಟ್ಟಿದ್ದರು. ನಾಲ್ಕು ಸಲ ಹೋಗಿ ಕೂತೆ.

ಟ್ಯೂಷನ್ ಮೂರೂ ಬಿಡಿಸಿದೆ. ವಾರಕ್ಕೆ ಎರಡು ದಿನ ಸ್ಪೆಷಲ್ ಎಜುಕೇಟರ್ ಹತ್ತಿರ ಕಳಿಸಿದೆ. ರಟ್ಟಿನಲ್ಲಿ ಕಿಟಕಿ ಥರ ಕತ್ತರಿಸಿ, ಒಂದು ಸಲಕ್ಕೆ ಒಂದೇ ಸಾಲು ಕಾಣುವ ಹಾಗೆ ಇಟ್ಟು ಓದಿಸುತ್ತಿದ್ದರು. ಮೂರನೇ ಕ್ಲಾಸಿನ ಪುಸ್ತಕದಿಂದ ಶುರು! ತೊಂಬತ್ತು ತೊಗೊಂಡಳು ಅಂತ ಹೇಳಲಾರೆ. 38 ಬರುತ್ತಿದ್ದ ಕಡೆ 55, 60 ಬಂತು. ಈಗ ಸೆಕೆಂಡ್ ಪಿಯು, ಆರ್ಟ್ಸ್.

ಕಮ್ಮನಹಳ್ಳಿಯ ಅಪ್ಪ:

ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ಎರಡು ಏಟು ಬಿಟ್ಟರೆ ಎಲ್ಲಾ ಸರಿ ಹೋಗುತ್ತಿತ್ತು.

ಪದ್ಮನಾಭನಗರದ ಅಮ್ಮ:

ಸರ್, ನಿಮ್ಮ ಕ್ಲಾಸಿನಲ್ಲಿ ಏಳನೇದಕ್ಕೇ ಸ್ಕೂಲು ಬಿಟ್ಟವರು ಎಷ್ಟು ಜನ ಇದ್ದರು, ಒಂದು ಸಲ ನೆನಪು ಮಾಡಿಕೊಳ್ಳಿ.

ಗಣಿತ ಮೇಷ್ಟ್ರು (ಸರ್ಕಾರಿ ಪ್ರೌಢಶಾಲೆ):

ಮೇಲಿನ ಮೇಡಂ ಹೇಳಿದ್ದು ನಿಜ. ಆದರೆ ಗಣಿತದಲ್ಲಿ ಫೇಲಾದ ಎಲ್ಲರಿಗೂ ಡಿಸ್‌ಲೆಕ್ಸಿಯಾ ಇರುವುದಿಲ್ಲ. ನನ್ನ ಹತ್ತಿರ ಎಂಟನೇ ಕ್ಲಾಸಿಗೆ ಬರುವ ಜಾಸ್ತಿ ಮಕ್ಕಳ ತೊಂದರೆ ಐದನೇ ಕ್ಲಾಸಿನದು. ಭಿನ್ನರಾಶಿ ಗೊತ್ತಿಲ್ಲದೆ ಬೀಜಗಣಿತಕ್ಕೆ ಬಂದಿರುತ್ತಾರೆ. ಅಡಿಪಾಯದಲ್ಲಿ ಇಟ್ಟಿಗೆಯೇ ಇಲ್ಲ, ನಾವು ಮೂರನೇ ಮಹಡಿಗೆ ಬಣ್ಣ ಹೊಡೆಯುತ್ತಿರುತ್ತೇವೆ. ಕನ್ನಡ ಮೀಡಿಯಂನಿಂದ ಎಂಟಕ್ಕೆ ಇಂಗ್ಲಿಷ್ ಮೀಡಿಯಂಗೆ ಬಂದವರದ್ದು ಇನ್ನೊಂದು ಕಥೆ: ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥ ಆಗುವುದಿಲ್ಲ.

ಸಾಮಾನ್ಯವಾಗಿ ಟ್ಯೂಷನ್ನಿನವರು ಮಾಡುವುದೇನು ಹೇಳಿ? ಸ್ಕೂಲಿನ ಪೋರ್ಷನ್ನನ್ನೇ ಇನ್ನೊಂದು ಸಲ, ಇನ್ನೂ ಜೋರಾಗಿ ಓಡಿಸುತ್ತಾರೆ. ನಿಮಗೆ ಬೇಕಾಗಿರುವುದು ಹಿಂದಕ್ಕೆ ಹೋಗಿ ಪಾಠ ಮಾಡುವವರು. ಸೇರಿಸುವ ಮೊದಲು "ಐದನೇ ಕ್ಲಾಸಿನ ಲೆಕ್ಕದಿಂದ ಶುರು ಮಾಡುತ್ತೀರಾ" ಅಂತ ಕೇಳಿ. ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಮನೆಯಲ್ಲೇ ಒಂದು ಕೆಲಸ ಮಾಡಿ. 3/4 ದೊಡ್ಡದಾ, 2/3 ದೊಡ್ಡದಾ ಅಂತ ಮಗನನ್ನು ಕೇಳಿ. ಉತ್ತರ ಮಾತ್ರ ಅಲ್ಲ, ಯಾಕೆ ಅಂತಲೂ ಕೇಳಿ. ಬೈಯದೆ ಕೇಳಬೇಕು, ಅಲ್ವಾ. ಹೊಟ್ಟೆನೋವು ಸೋಮವಾರವೇ ಯಾಕೆ? ಟೈಮ್‌ಟೇಬಲ್ ತೆಗೆದು ಮೊದಲ ಪೀರಿಯಡ್ ಯಾವುದು ನೋಡಿ.

ಹತ್ತನೇದರ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಎಸ್‌ಎಸ್‌ಎಲ್‌ಸಿಗೆ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ತೀರಾ ಆಗಲೇ ಇಲ್ಲ ಅಂದರೆ ಎನ್‌ಐಒಎಸ್ ಅಂತ ಕೇಂದ್ರದ ಮುಕ್ತ ಶಾಲೆ ಇದೆ, 14 ತುಂಬಿದವರು ಹತ್ತನೇದಕ್ಕೆ ಕಟ್ಟಬಹುದು, ವಿಷಯ ಆರಿಸಿಕೊಳ್ಳುವ ಸ್ವಾತಂತ್ರ್ಯ ಜಾಸ್ತಿ. ಆದರೆ ಸ್ಕೂಲಿನ ಮೇಲಿನ ಸಿಟ್ಟಿಗೆ ಅಲ್ಲಿಗೆ ಹಾರಬೇಡಿ. ಗೆಳೆಯರಿಲ್ಲದೆ ಮನೆಯಲ್ಲಿ ಕೂತು ಓದುವುದು ಎಲ್ಲಾ ಮಕ್ಕಳಿಗೂ ಆಗಿಬರುವುದಿಲ್ಲ.

ಬಿಟಿಎಂ ಲೇಔಟ್‌ನವರು:

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ನಾವು ಖಾಸಗಿಯಾಗಿ ಒಂದು ಸಲಕ್ಕೆ 1,200 ರೂಪಾಯಿ ಕೊಟ್ಟೆವು, ವಾರಕ್ಕೊಂದರಂತೆ ಹತ್ತು ಸಲ. ಅದಕ್ಕೂ ಮೊದಲು ಒಬ್ಬರ ಹತ್ತಿರ ಹೋಗಿ ಕೈ ಸುಟ್ಟುಕೊಂಡಿದ್ದೆವು. ಬೋರ್ಡ್ ದೊಡ್ಡದಿತ್ತು, ಓದಿದ್ದು ಮೂರು ತಿಂಗಳ ಆನ್‌ಲೈನ್ ಕೋರ್ಸ್. ಮೊದಲ ದಿನವೇ ಬೆರಳಚ್ಚು ನೋಡಿ ಮಗು ಮುಂದೆ ಏನಾಗಬೇಕು ಅಂತ ಹೇಳುತ್ತೇವೆ, ಎಂಟು ಸಾವಿರ ಅಂದರು. ಬೆರಳಚ್ಚು ನೋಡುವವರ ಹತ್ತಿರ ದಯವಿಟ್ಟು ಹೋಗಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವವರಿಗೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ನಂಬರ್ ಕೇಳಿ, ಇದರಲ್ಲಿ ಸಂಕೋಚ ಏನೂ ಇಲ್ಲ.

ದುಡ್ಡು ಕಷ್ಟ ಅಂದರೆ ಬನ್ನೇರುಘಟ್ಟ ರಸ್ತೆ ಕಡೆ ಡಾ. ಸಿ.ಆರ್. ಚಂದ್ರಶೇಖರ್ ಅವರು ಶುರು ಮಾಡಿದ 'ಸಮಾಧಾನ' ಇದೆ, ಅಲ್ಲಿ ಆಪ್ತ ಸಲಹೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಹೆಸರಿಗೆ ಮನೆಯವರು ಹೆದರಿದರೆ ನಮ್ಮ ಬಿಟಿಎಂನಲ್ಲಿ ಅವರದೇ ಕ್ಷೇಮ ಕೇಂದ್ರ ಇದೆ, ಆಸ್ಪತ್ರೆಯ ವಾತಾವರಣ ಇರುವುದಿಲ್ಲ. ಎರಡಕ್ಕೂ ಮೊದಲೇ ಫೋನ್ ಮಾಡಿ ಸಮಯ ಕೇಳಿಕೊಂಡು ಹೋಗಿ. ಇನ್ನೊಂದು, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, 14416. ಕೇಂದ್ರ ಸರ್ಕಾರದ್ದು, 2022ರಿಂದ ಇದೆ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಮಗ "ನಾನು ಇರಬಾರದು", "ಸತ್ತರೆ ಸಾಕು" ಅನ್ನುವ ಥರದ ಮಾತು ಒಂದು ಸಲ ಆಡಿದರೂ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ, ಇಲ್ಲಾ ನೇರ ಆಸ್ಪತ್ರೆಗೆ ಹೋಗಿ.

ಫಸ್ಟ್ ಪಿಯು ಹುಡುಗಿ:

ಆಂಟಿ, ನಾನು ಕೌನ್ಸೆಲಿಂಗ್‌ಗೆ ಹೋದವಳು, ಅದಕ್ಕೆ ಹೇಳುತ್ತಿದ್ದೇನೆ. ಮುಗಿಸಿಕೊಂಡು ಬಂದು ಆಟೋ ಹತ್ತಿದ ತಕ್ಷಣ "ಏನು ಕೇಳಿದರು? ನಮ್ಮ ಬಗ್ಗೆ ಏನು ಹೇಳಿದೆ?" ಅಂತ ಶುರು ಮಾಡಬೇಡಿ. ನಮ್ಮಮ್ಮ ಸೌತ್ ಎಂಡ್ ಸರ್ಕಲ್‌ನಿಂದ ಮನೆ ಬರುವವರೆಗೆ ಕೇಳಿದರು. ಮುಂದಿನ ವಾರ ನಾನು ಒಳಗೆ ಬಾಯೇ ಬಿಡಲಿಲ್ಲ. ಕೌನ್ಸೆಲರ್ ಅಮ್ಮನನ್ನು ಕರೆದು, ಜೀವಕ್ಕೆ ಅಪಾಯ ಇರುವಂಥದ್ದು ಇದ್ದರೆ ನಾನೇ ಹೇಳುತ್ತೇನೆ, ಉಳಿದದ್ದು ನಮ್ಮಿಬ್ಬರ ಮಧ್ಯೆ ಇರಲಿ ಅಂದರು. ಆಮೇಲಿಂದ ಅಮ್ಮ ಆಟೋದಲ್ಲಿ ಸುಮ್ನೆ ಕೂರುತ್ತಿದ್ದರು. ದಾರಿಯಲ್ಲಿ ದೋಸೆ ಕೊಡಿಸುತ್ತಿದ್ದರು, ಅದು ಚೆನ್ನಾಗಿತ್ತು.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ನೋಟ್‌ಬುಕ್ ನೋಡಿದೆ, ಒತ್ತಕ್ಷರ ಎಲ್ಲಾ ಸರಿಯಾಗಿವೆ. ಮೇಷ್ಟ್ರೇ, ನಿಮ್ಮ ಪ್ರಶ್ನೆ ಕೇಳಿದೆ. 3/4 ದೊಡ್ಡದು ಅಂದ. ಸರಿ ತಾನೇ? ಯಾಕೆ ಅಂದಿದ್ದಕ್ಕೆ "ಮೂರೂ ದೊಡ್ಡದು, ನಾಲ್ಕೂ ದೊಡ್ಡದು, ಅದಕ್ಕೆ" ಅಂದ.

ಗಣಿತ ಮೇಷ್ಟ್ರು:

1/2 ಮತ್ತು 3/8 ಕೇಳಿ ನೋಡಿ.

ಕೇಳಿದವರು:

3/8 ಅಂದ. ಮೂರೂ ದೊಡ್ಡದು, ಎಂಟೂ ದೊಡ್ಡದು.

ಗಣಿತ ಮೇಷ್ಟ್ರು:

ಸಿಕ್ಕಿತಲ್ಲ. ಚಪಾತಿ ಹರಿದು ತೋರಿಸುವುದರಿಂದ ಶುರು ಮಾಡಬೇಕು. ದಿನಾ ಅರ್ಧ ಗಂಟೆ ಕೂತರೆ ಎರಡು ಮೂರು ತಿಂಗಳ ಕೆಲಸ, ಭಯ ಬೇಡ.

ಕೇಳಿದವರು:

ಆದರೆ ಟೈಮ್‌ಟೇಬಲ್ಲೂ ನೋಡಿದೆ ಮೇಷ್ಟ್ರೇ. ಸೋಮವಾರ ಮೊದಲ ಪೀರಿಯಡ್ ಗಣಿತ ಅಲ್ಲ. ಪಿ.ಟಿ. ಗಣಿತ ಸೋಮವಾರ ಇಲ್ಲವೇ ಇಲ್ಲ. ಮೊದಲು ಕ್ರಿಕೆಟ್ ಅಂದರೆ ಊಟ ಬಿಡುತ್ತಿದ್ದ ಹುಡುಗ, ಈಗ ಗ್ರೌಂಡ್ ಕಡೆ ಹೋಗುವುದೇ ಇಲ್ಲ, ಇದು ನನಗೆ ಇವತ್ತು ಹೊಳೆಯಿತು. ಏನಾಯಿತು ಅಂತ ಈಗಲೇ ಎಬ್ಬಿಸಿ ಕೇಳಲಾ?

ಫಸ್ಟ್ ಪಿಯು ಹುಡುಗಿ:

ಎಬ್ಬಿಸಬೇಡಿ ಆಂಟಿ. ಎಬ್ಬಿಸಿ ಕೇಳಿದರೆ ಏನೂ ಇಲ್ಲ ಅನ್ನುತ್ತಾನೆ. ಸೋಮವಾರ ಹೊಟ್ಟೆನೋವು ಅಂದರೆ ನಂಬಿ, ಮನೆಯಲ್ಲೇ ಇರಲಿ.

ಪದ್ಮನಾಭನಗರದ ಅಮ್ಮ:

ಅವಳು ಹೇಳಿದ ಹಾಗೇ ಮಾಡಿ ಅಕ್ಕ. ಲೆಕ್ಕಕ್ಕೆ ಮೇಷ್ಟ್ರು ಸಾಕು, ಇದಕ್ಕೆ ಮಾತ್ರ ಈ ವಾರವೇ ಕೌನ್ಸೆಲರ್ ಹತ್ತಿರ ಟೈಮ್ ತಗೊಳ್ಳಿ. ಸ್ಕೂಲಿಗೆ ಹೋಗಿ ಜಗಳ ಆಡುವುದು ಆಮೇಲೆ, ಬೇಕಾದರೆ ನಾನೂ ಬರುತ್ತೇನೆ. ಹೆಡ್‌ಮಾಸ್ಟರ್ ರೂಮಿನ ಮುಂದೆ ಕೂತು ಅಭ್ಯಾಸ ಇದೆ.