ಇ.ಎನ್.ಟಿ. ವಿಭಾಗದ ಫಲಕಕ್ಕೆ, ಕರಪತ್ರಕ್ಕೆ ಪದ ಬೇಕು (ತುರ್ತು)

ಬಲ್ಲವರಲ್ಲಿ ವಿನಂತಿ. ನಮ್ಮ ತಾಲ್ಲೂಕು ಆಸ್ಪತ್ರೆಯ ಇ.ಎನ್.ಟಿ. ವಿಭಾಗಕ್ಕೆ ಹೊಸ ಫಲಕ ಬರೆಸಬೇಕು. ಮಾರ್ಚ್ 3ರ ವಿಶ್ವ ಶ್ರವಣ ದಿನಕ್ಕೆ, ಈ ವೈದ್ಯರ ಬಳಿ ಯಾವಾಗ ಬರಬೇಕೆಂದು ತಿಳಿಸುವ ಒಂದು ಪುಟದ ಕರಪತ್ರವೂ ಆಗಬೇಕು. ನನ್ನ ಕೈಗೆ ಬಂದ ಕರಡಿನಲ್ಲಿ "ಕರ್ಣ, ನಾಸಿಕ ಮತ್ತು ಕಂಠ ತಜ್ಞರು" ಎಂದಿದೆ. ಒಳಗೆ ಕರ್ಣಸ್ರಾವ, ಶಿರೋಭ್ರಮಣ, ಧ್ವನಿವ್ಯತ್ಯಯ, ಆಕಸ್ಮಿಕ ಶ್ರವಣಹಾನಿ. ವಾರ್ಡಿನ ಆಯಾ ಅವರಿಗೆ ಓದಿ ಹೇಳಿದೆ. ಒಂದು ಪದವೂ ಅವರಿಗೆ ತಿಳಿಯಲಿಲ್ಲ. ಫಲಕ ಬರೆಯುವವರು ನಾಳೆ ಸಂಜೆ ಬರುತ್ತಾರೆ. ಏನು ಬರೆಸಲಿ?

ಮರು:
ಕರಡು ಸರಿಯಾಗಿದೆ. "ಕಿವಿತಜ್ಞ" ಎಂದರೆ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆಯುವ ದೋಷ; ಚರ್ಚೆಯೇ ಬೇಡ. ಮೂರು ಪದ ಉದ್ದವಾಯಿತು ಎನ್ನುವುದಾದರೆ "ಶಾಲಾಕ್ಯ ತಜ್ಞ" ಎನ್ನಿ. ಆಯುರ್ವೇದದ ಎಂಟು ಅಂಗಗಳಲ್ಲಿ ಶಾಲಾಕ್ಯ ಒಂದು; ಶಲಾಕೆ, ಅಂದರೆ ಸಣ್ಣ ಕಡ್ಡಿಯಂಥ ಸಲಕರಣೆ, ಹಿಡಿದು ಮಾಡುವ ಚಿಕಿತ್ಸೆ. ಸಿದ್ಧವಾಗಿರುವ ಪದವನ್ನು ಬಿಟ್ಟು ಹೊಸದನ್ನು ಹುಡುಕುವುದೇಕೆ?

ಮರು:
ತಜ್ಞ, ವೈದ್ಯ, ವಿಭಾಗ ಮೂರೂ ಎರವಲು. "ಕಿವಿ ಮೂಗು ಗಂಟಲ ಮದ್ದರಿಗ" (ಮದ್ದು ಅರಿತವನು) ಎಂದು ಬರೆಯಿರಿ, ಅರಿಸಮಾಸದ ತಕರಾರೂ ಹೋಗುತ್ತದೆ. ಕಿವಿ ಎಂಬ ಪದದ ಮೊದಲ ಕಕಾರ ತಮಿಳು, ತೆಲುಗಿನಲ್ಲಿ ಚಕಾರವಾಗಿ ಅದು "ಚೆವಿ" ಆಯಿತು. ಕನ್ನಡದ ಕಿವಿ, ತುಳುವಿನ ಕೆಬಿ ಆ ಹಳೆಯ ಕಕಾರವನ್ನು ಇಂದಿಗೂ ಉಳಿಸಿಕೊಂಡಿವೆ. ಅಂಥ ಪದ ಕೈಯಲ್ಲಿರುವಾಗ ಕರ್ಣದ ಬೆನ್ನು ಹತ್ತುವುದು ನಾಚಿಕೆಗೇಡು.

ಮರು:
ಇಬ್ಬರೂ ಫಲಕವನ್ನೇ ಹಿಡಿದು ಕುಳಿತಿದ್ದೀರಿ. ಅದನ್ನು ಮೊದಲು ಮುಗಿಸುತ್ತೇನೆ.

ಶಾಲಾಕ್ಯ ಬೇಡವೇ ಬೇಡ. ಅದು ಕೊರಳೆಲುಬಿನಿಂದ ಮೇಲಿನ ಅಂಗಗಳನ್ನೆಲ್ಲ ಒಳಗೊಳ್ಳುವ ಶಾಸ್ತ್ರ, ಅದರಲ್ಲಿ ಕಣ್ಣೂ ಸೇರುತ್ತದೆ. ಆಯುರ್ವೇದದಲ್ಲಿ ಇಂದಿಗೂ ಆ ಹೆಸರಿನ ಸ್ನಾತಕೋತ್ತರ ಪದವಿ ಇದೆ. ಅಲೋಪತಿ ವಿಭಾಗದ ಬಾಗಿಲಿಗೆ ಆ ಪದ ಹಾಕಿದರೆ ಕಣ್ಣಿನ ಪೊರೆಯವರೂ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. "ಮದ್ದರಿಗ" ಎಂಬುದನ್ನು ರೋಗಿಗಳಿಗೆ ಯಾರು ಬಿಡಿಸಿ ಹೇಳಬೇಕು? ಅರಿಸಮಾಸದ ಮಾತಿಗೆ: ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗಳಲ್ಲಿ ಅದಕ್ಕೆ ಎಡೆ ಕೊಟ್ಟಿದ್ದಾನೆ. ಪದಗಳನ್ನು ಬಿಡಿಯಾಗಿ ಬರೆದರಂತೂ ಸಮಾಸದ ಪ್ರಶ್ನೆಯೇ ಏಳುವುದಿಲ್ಲ. "ಕಿವಿ ಮೂಗು ಗಂಟಲು ವಿಭಾಗ" ಎಂದಿರಲಿ. ನಡುವೆ "ಮತ್ತು" ತುರುಕಬೇಡಿ, ಅಪ್ಪ ಅಮ್ಮ, ಹೊಲ ಗದ್ದೆ ಎನ್ನುವಾಗ ನಮಗೆ ಅದು ಬೇಕಾಗುವುದಿಲ್ಲ. ಕೆಳಗೆ ಚಿಕ್ಕದಾಗಿ "ಇ.ಎನ್.ಟಿ." ಇರಲೇಬೇಕು, ಚೀಟಿ ಮಾಡಿಸುವಲ್ಲಿ ಜನ ಕೇಳುವುದು ಅದನ್ನೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಊರಿನವರ ಬಾಯಲ್ಲಿ ಅದು "ಸ್ಪೀಚ್ ಅಂಡ್ ಹಿಯರಿಂಗ್". ಎರವಲು ಎಂಬ ಕಾರಣಕ್ಕೆ ದಾರಿ ತೋರಿಸುವ ಪದವನ್ನು ಅಳಿಸಬಾರದು, ದೇಸಿ ಎಂಬ ಕಾರಣಕ್ಕೆ ದಾರಿ ತಪ್ಪಿಸುವ ಪದವನ್ನು ಬರೆಯಲೂಬಾರದು.

ಇನ್ನು ಕರಪತ್ರ. ನನಗೆ ಸಂಕಟವಿರುವುದು ಇಲ್ಲಿ. "ಆಕಸ್ಮಿಕ ಶ್ರವಣಹಾನಿ" ಎಂದು ಯಾವ ರೋಗಿಯೂ ಹೇಳುವುದಿಲ್ಲ, "ಕಿವಿ ಕಟ್ಟಿದೆ" ಎನ್ನುತ್ತಾರೆ. ನೆಗಡಿಯಾದಾಗಲೂ ಘಾಟಿ ಇಳಿಯುವಾಗಲೂ ಕಟ್ಟುವುದು ಅದೇ ಕಿವಿ. ಆದ್ದರಿಂದ ಒಳಗಿವಿಯ ನರಕ್ಕೆ ಪೆಟ್ಟು ಬಿದ್ದಾಗಲೂ ಅದೇ ಮಾತು ಬಾಯಿಗೆ ಬರುತ್ತದೆ, ಅದೇ ಅಸಡ್ಡೆಯೂ ಜೊತೆಗೆ ಬರುತ್ತದೆ. ನನ್ನ ಅಕ್ಕ ಒಂದು ಬೆಳಿಗ್ಗೆ ಎದ್ದಾಗ ಬಲಗಿವಿ ಕೇಳಿಸಲಿಲ್ಲ. ಶೀತಕ್ಕೆ ಕಟ್ಟಿದೆ ಎಂದುಕೊಂಡು ಎಣ್ಣೆ ಬಿಟ್ಟುಕೊಂಡು ಇಪ್ಪತ್ತು ದಿನ ಕಳೆದಳು. ಮೊದಲ ಕೆಲವು ದಿನಗಳಲ್ಲೇ ಮದ್ದು ಶುರುವಾದರೆ ಕೇಳಿಸುವಿಕೆ ಮರಳುವ ಸಾಧ್ಯತೆ ಹೆಚ್ಚು ಎಂದು ಆಮೇಲೆ ತಿಳಿಯಿತು. ಆ ಕಿವಿ ಮರಳಲಿಲ್ಲ. ಹಾಗಾಗಿ ಜನ ಆಡುವ ಆ ಪದವನ್ನೇ ಹಿಡಿದು ಬರೆಯಿರಿ: "ನೆಗಡಿ ಇಲ್ಲದೆ ಥಟ್ಟನೆ ಒಂದು ಕಿವಿ ಕಟ್ಟಿದಂತಾಗಿ ಕೇಳಿಸದಿದ್ದರೆ ಅದೇ ದಿನ ಬನ್ನಿ."

ಶಿರೋಭ್ರಮಣವನ್ನು ಬರಿದೇ "ತಲೆಸುತ್ತು" ಎಂದು ಬದಲಿಸಿದರೂ ಸಾಲದು. ಹಸಿವಿಗೆ ಕಣ್ಣು ಕತ್ತಲಿಟ್ಟರೂ ಜನರಿಗೆ ಅದು ತಲೆಸುತ್ತೇ. ಈ ವೈದ್ಯರಿಗೆ ಬೇಕಾದದ್ದು ಇನ್ನೊಂದು: "ಮಲಗಿ ಮಗ್ಗಲು ಬದಲಿಸಿದರೆ ಮನೆಯೇ ಗಿರ್ರನೆ ತಿರುಗಿದಂತಾಗುವುದು." ದೇಹದ ಸಮತೋಲವನ್ನು ಕಾಯುವ ಅಂಗ ಒಳಗಿವಿಯಲ್ಲಿದೆ ಎಂದು ಒಂದು ಸಾಲು ಸೇರಿಸಿ, ಇಲ್ಲವಾದರೆ ತಲೆ ತಿರುಗುವುದಕ್ಕೂ ಕಿವಿ ವೈದ್ಯರಿಗೂ ಏನು ಸಂಬಂಧ ಎನ್ನುತ್ತಾರೆ. ಧ್ವನಿವ್ಯತ್ಯಯ ಎಂದರೆ "ದನಿ ಒಡೆಯುವುದು" ಎನ್ನಬೇಡಿ, ಅದು ಹರೆಯದ ಹುಡುಗರಿಗೆ ಆಗುವುದು. "ದನಿ ಗೊಗ್ಗರಾಗಿ ಮೂರು ವಾರ ಕಳೆದರೂ ಸರಿಹೋಗದಿದ್ದರೆ" ಎಂದು ಬರೆದು, ಬೀಡಿ ಸಿಗರೇಟು ಸೇದುವವರು ತಡಮಾಡಲೇಬಾರದು ಎಂದು ಸೇರಿಸಿ. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಮೊದಲು ಹೀಗೆಯೇ ತೋರಿಕೊಳ್ಳಬಹುದು. ಕರ್ಣಸ್ರಾವಕ್ಕೆ "ಕಿವಿ ಸೋರುವುದು" ಸಾಕು. ಸೋರುವ ಕಿವಿಗೆ ಎಣ್ಣೆ ಹಾಕಬಾರದು ಎಂಬುದನ್ನು ಮರೆಯಬೇಡಿ, ಕಿವಿಯೊಳಗಿನ ತಮಟೆ ತೂತಾಗಿರಬಹುದು. ಮಕ್ಕಳು ಮೂಗಿಗೋ ಕಿವಿಗೋ ಬಟನ್ ಬ್ಯಾಟರಿ ತುರುಕಿಕೊಂಡರೆ ಗಂಟೆಗಳೊಳಗೆ ಒಳಚರ್ಮ ಸುಟ್ಟುಹೋಗುತ್ತದೆ. ಇದಕ್ಕೆ ಪರ್ಯಾಯ ಪದ ಹುಡುಕುತ್ತ ಕೂರಬೇಡಿ, "ಬ್ಯಾಟರಿ" ಎಂದೇ ದಪ್ಪ ಅಕ್ಷರದಲ್ಲಿ ಹಾಕಿ.

ಮರು:
ಹೀಗೆ ಒಂದೊಂದೇ ಪದ ಬಿಟ್ಟುಕೊಟ್ಟು ಶಾಸ್ತ್ರದ ಭಾಷೆಯೇ ಇಲ್ಲದಂತಾಗುತ್ತದೆ. ನಾಳೆ ವೈದ್ಯಕೀಯ ಪಠ್ಯವನ್ನೂ "ಸೋರುವುದು, ಕಟ್ಟುವುದು" ಎಂದೇ ಬರೆಯುತ್ತೀರಾ? ನಾನು ಒಪ್ಪುವುದಿಲ್ಲ.

ಮರು:
ಪಠ್ಯದಲ್ಲಿ ಕರ್ಣಸ್ರಾವ ಇರಲಿ, ಯಾರೂ ಬೇಡವೆಂದಿಲ್ಲ. ಇದು ಕರಪತ್ರ.

ಮರು:
ಎಲ್ಲರಿಗೂ ಕೃತಜ್ಞತೆಗಳು. ಫಲಕಕ್ಕೆ "ಕಿವಿ ಮೂಗು ಗಂಟಲು ವಿಭಾಗ", ಕೆಳಗೆ ಇ.ಎನ್.ಟಿ. "ಮತ್ತು" ತೆಗೆದೆ. ತಿದ್ದಿದ ಕರಪತ್ರವನ್ನು ಆಯಾ ಅವರಿಗೆ ಮತ್ತೆ ಓದಿದೆ. ಮಗ್ಗಲು ಬದಲಿಸುವ ವಾಕ್ಯಕ್ಕೆ ತಡೆದು, ತಮ್ಮ ಅತ್ತೆಗೆ ಹೀಗೆಯೇ ಆಗುತ್ತದೆ, ಯಾವ ವಾರ ಕರೆತರಲಿ ಎಂದು ಕೇಳಿದರು. ಇನ್ನೊಂದು ಪದ ಉಳಿದಿದೆ. ಕಿವಿಯ ಮೇಣಕ್ಕೆ ನಮ್ಮ ಕಡೆ "ಗುಗ್ಗೆ" ಎನ್ನುತ್ತೇವೆ. "ಗುಗ್ಗೆ ತೆಗೆಯಲು ಕಡ್ಡಿ, ಪಿನ್ನು ಹಾಕಬೇಡಿ" ಎಂದರೆ ಉತ್ತರ ಕರ್ನಾಟಕದವರಿಗೂ ಕರಾವಳಿಯವರಿಗೂ ತಿಳಿಯುತ್ತದೆಯೇ? ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.