ಮೈಕ್ರೋಪ್ಲಾಸ್ಟಿಕ್ ನಕ್ಷೆಯನ್ನು ಬಂದರಿನ ಜನರ ಮುಂದೆ ಹೇಗೆ ಇಡುವುದು?

ಕುಂದಾಪುರ_ಮೇಷ್ಟ್ರು
ನಮ್ಮ ಹೈಸ್ಕೂಲಿನ ಮಕ್ಕಳು ಸಮುದ್ರದ ಮೈಕ್ರೋಪ್ಲಾಸ್ಟಿಕ್ (ಪುಟ್ಟ ಪ್ಲಾಸ್ಟಿಕ್ ಚೂರು) ಎಲ್ಲೆಲ್ಲಿ ಸಿಕ್ಕಿದೆ ಅನ್ನುವ ನಕ್ಷೆ ಬರೆದು ಮೀನುಗಾರಿಕೆ ಬಂದರಿನಲ್ಲಿ ಇಡಬೇಕು ಅಂತಿದ್ದಾರೆ. ಪ್ರಪಂಚದ ನಕ್ಷೆಗಳನ್ನು ನೋಡಿದರೆ ಅಟ್ಲಾಂಟಿಕ್ ತುಂಬ ಚುಕ್ಕೆ, ನಮ್ಮ ಅರಬ್ಬಿ ಸಮುದ್ರದಲ್ಲಿ ತೀರಾ ಕಡಿಮೆ. ನಮ್ಮ ಕಡಲು ಅಷ್ಟು ಸ್ವಚ್ಛವಾಗಿದೆಯಾ? ಇನ್ನೊಂದು, ಮಕ್ಕಳ ನಕ್ಷೆ ನೋಡಿ ಜನ ಮೀನು ಕೊಳ್ಳುವುದು ಬಿಟ್ಟರೆ ಏಟು ಬೀಳುವುದು ಈ ಮಕ್ಕಳ ಮನೆಗೇ. ಆ ಚಿಂತೆಯೂ ಇದೆ.

ಅಳಿವೆ_ದಡ
ಮೇಷ್ಟ್ರೇ, ಚುಕ್ಕೆ ಇಲ್ಲದ ಕಡೆ ಯಾರೂ ಬಲೆ ಎಳೆದು ನೋಡಿಲ್ಲ ಅಂತ ಅರ್ಥ, ಅಷ್ಟೇ. ಅಂಥ ಜಾಗಕ್ಕೆ ನೀಲಿ ಬಳಿಯಬೇಡಿ. ಬೂದು ಬಣ್ಣ ಹಾಕಿ ‘ಅಳೆದಿಲ್ಲ’ ಅಂತ ಬರೆಸಿ. 5 ಮಿ.ಮೀ.ಗಿಂತ ಚಿಕ್ಕದೆಲ್ಲ ಮೈಕ್ರೋಪ್ಲಾಸ್ಟಿಕ್. ಆದರೆ ನೀರಿನ ಮೇಲ್ಮೈಯಲ್ಲಿ ಎಳೆಯುವ ಮಾಂಟಾ ಬಲೆಯ ಕಣ್ಣು ಸಾಮಾನ್ಯವಾಗಿ 0.33 ಮಿ.ಮೀ. ಅದಕ್ಕಿಂತ ಸಣ್ಣದು ನುಸುಳಿ ಹೋಗುತ್ತದೆ, ಲೆಕ್ಕಕ್ಕೇ ಬರುವುದಿಲ್ಲ.

ಪ್ರತಿ ಚುಕ್ಕೆಯ ಪಕ್ಕ ತಿಂಗಳು ಬರೆಯಲೇಬೇಕು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಉತ್ತರಕ್ಕೆ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಹಡಗು ಕೊಚ್ಚಿ ಕಡೆ ಮುಳುಗಿತಲ್ವಾ? ಅದರಲ್ಲಿದ್ದ ಪ್ಲಾಸ್ಟಿಕ್ ಕಾಳು (ಕಾರ್ಖಾನೆಗಳ ಕಚ್ಚಾ ಪ್ಲಾಸ್ಟಿಕ್) ದಕ್ಷಿಣದ ತಿರುವನಂತಪುರದ ಮರಳಿಗೆ ಬಂದು ಬಿದ್ದವು. ಬಂದರಿನಲ್ಲಿ ಈ ಕಥೆಯನ್ನೇ ಹೇಳಿ. ಸೆಳೆತ ಯಾವಾಗ ಎತ್ತ ಅನ್ನುವುದು ಅಲ್ಲಿನವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಅವರೇ ಮುಂದುವರಿಸುತ್ತಾರೆ. ಪೆಸಿಫಿಕ್‌ನ ‘ಕಸದ ದ್ವೀಪ’ದ ಚಿತ್ರ ಮಾತ್ರ ದಯವಿಟ್ಟು ಬೇಡ. ಅಲ್ಲಿ ಕಾಲಿಡುವಂಥ ದ್ವೀಪ ಯಾವುದೂ ಇಲ್ಲ. ಚೂರುಗಳು ಚದುರಿಕೊಂಡಿವೆ, ಹೆಚ್ಚಿನವು ಕಣ್ಣಿಗೆ ಬೀಳುವುದೂ ಕಷ್ಟ.

ಮಂಗ್ಳೂರು_ಮೀನೂಟ
ಮೀನಿನ ವಿಷಯ ಮುಚ್ಚಿಡಬೇಡಿ ಸರ್, ಹೆದರಿಸಲೂಬೇಡಿ. ಮೀನಿನಲ್ಲಿ ಚೂರುಗಳು ಸಿಗುವುದು ಹೆಚ್ಚಾಗಿ ಹೊಟ್ಟೆ, ಕರುಳಿನಲ್ಲಿ. ಬಂಗುಡೆಯ ಕರುಳು ನಾವು ತೆಗೆದೇ ಸಾರು ಮಾಡುತ್ತೇವೆ. ಮರುವಾಯಿ (ಚಿಪ್ಪಿನ ಮೀನು) ಹಾಗಲ್ಲ, ಹೊಟ್ಟೆ ಸಮೇತ ತಿನ್ನುತ್ತೇವೆ. ಮನುಷ್ಯರಿಗೆ ಎಷ್ಟು ಹಾನಿ ಅನ್ನುವುದು ಇನ್ನೂ ಸಂಶೋಧನೆಯಲ್ಲಿದೆ, ಅದನ್ನೂ ಹಾಗೇ ಬರೆಯಿರಿ. ಕಸದ ತಪ್ಪನ್ನು ಸುಮ್ನೆ ಮೀನುಗಾರರ ತಲೆಗೆ ಕಟ್ಟಬೇಡಿ. ಹರಿದ ಬಲೆ, ಹಗ್ಗದಿಂದಲೂ ಚೂರು ಬರುತ್ತದೆ, ನಿಜ. ಆದರೆ ನದಿಯಲ್ಲಿ ಬರುವ ಊರಿನ ಕಸ?

ಕುಂದಾಪುರ_ಮೇಷ್ಟ್ರು
ಇಬ್ಬರಿಗೂ ಥ್ಯಾಂಕ್ಸ್. ಬೂದು ಬಣ್ಣ ಮಕ್ಕಳಿಗೆ ಹಿಡಿಸಿತು. ಪಂಚಗಂಗಾವಳಿ ಅಳಿವೆಯ ಮರಳು ಜರಡಿ ಹಿಡಿದು ನಾವೇ ಮೊದಲ ಚುಕ್ಕೆ ಇಡಬಹುದಾ? ಎಷ್ಟು ಮಿ.ಮೀ. ಜರಡಿ ಬೇಕು?

ಅಳಿವೆ_ದಡ
ಖಂಡಿತ. 5 ಮತ್ತು 1 ಮಿ.ಮೀ. ಎರಡು ಜರಡಿ ಸಾಕು. ಭರತದ ನೀರು ಬಿಟ್ಟುಹೋದ ಕಸದ ಗೆರೆಯಲ್ಲಿ, ಪ್ರತಿ ಸಲ ಅಷ್ಟೇ ಅಳತೆಯ ಚೌಕದಿಂದ ಮರಳು ತೆಗೆಯಿರಿ. ಮಳೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ.