ಅಪ್‌ಡೇಟ್: ನಲಿ-ಕಲಿ ಮಕ್ಕಳು ಈಗ ಕಥೆ ಕೇಳ್ತಾರೆ

ಮೊನ್ನೆ ಕೇಳಿದ್ದೆನಲ್ಲ, ಯಾದಗಿರಿ ಕಡೆಯ ಹಳ್ಳಿ ಶಾಲೆ, ನಲಿ-ಕಲಿ ಅಂದ್ರೆ ಒಂದರಿಂದ ಮೂರನೇ ತರಗತಿ ಮಕ್ಕಳು, ಪಂಚತಂತ್ರ ಓದೋಕೆ ಶುರು ಮಾಡಿದ್ರೆ ಎರಡು ನಿಮಿಷಕ್ಕೇ ಗಲಾಟೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಶರಣು.

ಫಲ ಕೊಟ್ಟಿದ್ದು ಬೀದರಿನ ಟೀಚರ್ ಅಕ್ಕೋರು ಹೇಳಿದ ಉಪಾಯ: ತಿರುಗಿ ತಿರುಗಿ ಬರೋ ಮಾತೊಂದನ್ನ ಮಕ್ಕಳಿಗೇ ಬಿಟ್ಟುಕೊಡಿ. ಮಂಗ್ಯಾ-ಮೊಸಳಿ ಕಥೆ ತಗೊಂಡೆ. ಮಂಗ್ಯಾ ನೇರಳೆ ಹಣ್ಣು ಕೆಡವಿದಾಗೆಲ್ಲ ನಾನು ಸುಮ್ಮನಾಗ್ತೀನಿ, ಅವರೆಲ್ಲ "ತಗೋ ಗೆಳೆಯಾ, ತಿನ್ನು!" ಅಂತ ಒದರ್ತಾರೆ. ತಮ್ಮ ಸರದಿ ತಪ್ಪಬಾರದು ಅಂತ ನಡುವೆ ಕಿವಿಗೊಟ್ಟು ಕೂಡ್ತಾರೆ. ಊಟದ ನಂತರ ಬೇಡ, ಬೆಳಿಗ್ಗೆ ಹಾಲು ಕುಡಿದ ಕೂಡಲೇ ಓದಿ ಅಂದಿದ್ದೂ ಸರಿಹೋಯ್ತು.

ಚಿತ್ರದ ಪುಸ್ತಕ ಎತ್ತಿ ತೋರಿಸೋದು ಮಾತ್ರ ಆಗಲಿಲ್ಲ. ಹಿಂದಿನವರು ಕಾಣಲ್ಲ ಅಂತ ಮುಂದಿನವರ ಮೈಮೇಲೇ ಬಂದ್ರು. ಮೊಬೈಲಿನ ಆಡಿಯೋ ಕಥೆ ಅಂತೂ ಬೇಡವೇ ಬೇಡ.

ನಾನು ಎಣಿಸದೇ ಇದ್ದಿದ್ದು, ಮೊಸಳೆ ಬಗ್ಗೆ ನನಗಿಂತ ಅವರಿಗೇ ಜಾಸ್ತಿ ಗೊತ್ತು! ಕೃಷ್ಣಾ ದಂಡೆಯ ಅಜ್ಜಿ ಊರು ನೋಡಿಬಂದ ಹುಡುಗ, "ಹೊಳ್ಯಾಗ ಖರೇನೇ ಮೊಸಳಿ ಅದಾವ್ರಿ ಅಕ್ಕೋರೆ, ಬಾಯಿ ತಕ್ಕೊಂಡು ಬಿಸಲಿಗಿ ಮಲಗತಾವ" ಅಂದ. ಅರ್ಧ ಪಿರಿಯಡ್ ಅದರಲ್ಲೇ ಹೋಯ್ತು, ಹೋಗ್ಲಿ ಬಿಡಿ. ಹೃದಯ ಗಿಡದ ಮೇಲೇ ಬಿಟ್ಟು ಬಂದೀನಿ ಅಂತ ಮಂಗ್ಯಾ ಮೊಸಳಿಗೆ ಸುಳ್ಳು ಹೇಳೋ ಕಡೆ ಬಂದಾಗ ಇನ್ನೊಬ್ಬಳು, ಎದಿ ಗಿಡದ ಮ್ಯಾಲೆ ಬಿಟ್ಟುಬಂದ್ರ ಮಂಗ್ಯಾ ಹ್ಯಾಂಗ ಬದುಕತದ ಅಂತ ಕೇಳಿದ್ಲು. ಮೊಸಳಿಗೆ ಹೊಳೆಯದ್ದು ಇವಳಿಗೆ ಹೊಳೀತು.

ಮುಂದಿನದು ಆಮೆ ಮತ್ತು ಹಂಸಗಳ ಕಥೆ. ಅದರಲ್ಲಿ ಆಮೆ ಬಾಯಿ ತೆರೆಯೋ ಹಂಗಿಲ್ಲ, ಮಕ್ಕಳಿಗೆ ಯಾವ ಮಾತು ಬಿಟ್ಟುಕೊಡಲಿ? ಯಾರಿಗಾದರೂ ಹೊಳೆದ್ರೆ ಹೇಳ್ರಿ.